ಗುಡ್ಡಣ್ಣನಿಗೆ ಭಾರ ಬಂದದ್ದು ಹೀಗೆ

ಬೇಸಿಗೆ ರಜೆಯಲ್ಲಿ ಶುರು ಮಾಡಿ, ಆಮೇಲೆ ಸಿಕ್ಕ ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟು, ನಮ್ಮ ಮನೆಯವರೆಲ್ಲ ಸೇರಿ ಒಂದು ಗೊಂಬೆ ಸಿನಿಮಾ ಮಾಡಿದೆವು. ಆರು ನಿಮಿಷದ್ದು. ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು ಬೆಟ್ಟದ ದೊಡ್ಡ ಜೀವವೊಂದನ್ನು ಹುಡುಕಿಕೊಂಡು ನಮ್ಮೂರ ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ಹೋಗುವ ಕಥೆ. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಬಣ್ಣ, ಮಣ್ಣು, ಕಾಗದ ಗೊತ್ತಿತ್ತು. ಅನಿಮೇಷನ್ ಮಾಡುತ್ತಾ ಮಾಡುತ್ತಾ ಕಲಿತೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳಿಗೆ ಮೊದಲು ಬೇಕಾಗಿದ್ದು ಹಿಮಮಾನವ. ಟಿವಿಯಲ್ಲಿ ಅಂಥ ಕಾರ್ಟೂನ್ ಸಿನಿಮಾ ನೋಡಿದ್ದರು. ನಾವೂ ಒಂದು ಮಾಡೋಣ ಅಂತ ಹಟ. ಸರಿ, ಮೊದಲು ಅದರ ಬಗ್ಗೆ ಓದೋಣ ಅಂದೆ. 1951ರಲ್ಲಿ ಎರಿಕ್ ಶಿಪ್ಟನ್ ಅನ್ನುವ ಪರ್ವತಾರೋಹಿ ಹಿಮಾಲಯದ ಮೆನ್ಲುಂಗ್ ಹಿಮನದಿಯ ಮೇಲೆ ತೆಗೆದ ಹೆಜ್ಜೆ ಗುರುತಿನ ಫೋಟೊ ನೋಡಿದೆವು. 2019ರಲ್ಲಿ ನಮ್ಮ ಸೈನ್ಯವೇ ನೇಪಾಳದ ಮಕಾಲು ಶಿಖರದ ಬೇಸ್ ಕ್ಯಾಂಪ್ ಹತ್ತಿರ 32 ಇಂಚು ಉದ್ದ, 15 ಇಂಚು ಅಗಲದ ಹೆಜ್ಜೆಗಳು ಸಿಕ್ಕಿವೆ ಅಂತ ಫೋಟೊ ಹಾಕಿತ್ತು. ಅದನ್ನೂ ನೋಡಿದೆವು. ಆಮೇಲೆ 2017ರ ಸಂಶೋಧನೆ ಓದಿದೆವು. ಹಿಮಮಾನವನದು ಅಂತ ಜನ ಜೋಪಾನ ಮಾಡಿದ್ದ ಮೂಳೆ, ಹಲ್ಲು, ಚರ್ಮ, ಕೂದಲು ಹೀಗೆ 9 ಮಾದರಿಗಳ ಡಿಎನ್‌ಎ ಪರೀಕ್ಷೆ ಮಾಡಿದ್ದರು. ಎಂಟು ಕರಡಿಯವು. ಒಂದು ನಾಯಿಯದು.

ಮಗಳ ಮುಖ ಸಣ್ಣದಾಯಿತು. ಮಗ ಮಾತ್ರ ಎದ್ದು ನಿಂತ. "ಅಮ್ಮ, ನಮ್ಮ ಜೋಗಿಮಟ್ಟೀಲೂ ಕರಡಿ ಇದಾವಲ್ಲ!"

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಹಿಮಾಲಯದ ತನಕ ಯಾಕ್ರೋ ಹೋಗ್ತೀರ? ನಮ್ಮ ಮೇಲುದುರ್ಗದಾಗೆ ಹಿಡಿಂಬಾಸುರನ ಹಲ್ಲೇ ಐತೆ."

ದುರ್ಗದವರಿಗೆ ಇದು ಹೊಸ ಮಾತಲ್ಲ. ಕೋಟೆ ಒಳಗಿನ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನದು ಅಂತ ಒಂದು ಹಲ್ಲನ್ನು ತೋರಿಸುತ್ತಾರೆ. ಹಿಡಿಂಬ, ಹಿಡಿಂಬಿ ಇದೇ ಬೆಟ್ಟದಲ್ಲಿ ಇದ್ದರು, ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ, ಆ ಕಾಳಗದಲ್ಲಿ ಒಬ್ಬರ ಮೇಲೊಬ್ಬರು ಎಸೆದ ಬಂಡೆಗಳೇ ಇವತ್ತಿಗೂ ಊರ ಸುತ್ತ ಬಿದ್ದಿವೆ ಅನ್ನುವುದು ಕಥೆ. ಇಲ್ಲಿ ಹುಟ್ಟಿದ ಮಕ್ಕಳು ಆ ಬಂಡೆಗಳನ್ನು ನೋಡಿಕೊಂಡೇ ಬೆಳೆಯುತ್ತಾರೆ. ಅಷ್ಟು ದೊಡ್ಡ ಕಲ್ಲನ್ನು ಇನ್ನೊಂದರ ಮೇಲೆ ಇಟ್ಟವರು ಯಾರು ಅಂತ ಒಮ್ಮೆಯಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಕಥೆ ಆ ಪ್ರಶ್ನೆಗೆ ಕಟ್ಟಿಕೊಂಡ ಉತ್ತರ. ಹಿಡಿಂಬಿಯ ಕುಲದವನೊಬ್ಬ ಇನ್ನೂ ಇದ್ದಾನೆ. ದೊಡ್ಡವನು, ನಾಚಿಕೆಯವನು, ಮಾತು ಬಾರದವನು. ಮಗಳು ಅವನಿಗೆ ಗುಡ್ಡಣ್ಣ ಅಂತ ಹೆಸರಿಟ್ಟಳು.

ಹುಡುಕುವ ಕಥೆಗೆ ಒಂದು ಕಾರಣ ಬೇಕು. ಸುಮ್ನೆ ನೋಡಬೇಕು ಅಂತ ಹೊರಟರೆ ನೋಡುವವರಿಗೆ ಎರಡೇ ನಿಮಿಷಕ್ಕೆ ಬೇಸರ ಬರುತ್ತದೆ. ಕಾರಣವನ್ನು ಕೋಟೆಯ ಹೊಂಡಗಳಿಂದ ತಂದೆವು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ, ಕೆಳಗೆ ಊರೊಳಗಿನ ಸಂತೆ ಹೊಂಡ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಹಳಬರು ಜೋಡಿಸಿದ್ದಾರೆ. ಮಳೆಯನ್ನೇ ನಂಬಿದ ಸೀಮೆಗೆ ಇದಕ್ಕಿಂತ ಜಾಣತನದ ಕೆಲಸ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ನಮ್ಮ ಸಿನಿಮಾದಲ್ಲಿ ಮಳೆ ಬಂದರೂ ಹೊಂಡಕ್ಕೆ ನೀರು ಇಳಿಯುತ್ತಿಲ್ಲ. ನೀರಿನ ದಾರಿಗೆ ಬಂಡೆ ಅಡ್ಡ ಬಿದ್ದಿದೆ. ಹತ್ತಾಳು ಸೇರಿದರೂ ಅಲುಗುವುದಿಲ್ಲ. ಒಂದು ಬೆಳಗ್ಗೆ ನೋಡಿದರೆ ಆ ಬಂಡೆ ಪಕ್ಕಕ್ಕೆ ಸರಿದಿದೆ! ಯಾರು ಸರಿಸಿದ್ದು? ಇಷ್ಟು ಸಿಕ್ಕ ಮೇಲೆ ಕಥೆ ತಾನಾಗಿ ಮುಂದೆ ಹೋಯಿತು.

ಗುಡ್ಡಣ್ಣನನ್ನು ಬೇಗ ತೋರಿಸಬಾರದು ಅಂತ ಮೊದಲೇ ಮಾತಾಡಿಕೊಂಡೆವು. ಮೊದಲು ಸರಿದ ಬಂಡೆ. ಆಮೇಲೆ ಜಾಲಿ ಮುಳ್ಳಿಗೆ ಸಿಕ್ಕಿಕೊಂಡ ಒಂದು ಹಿಡಿ ಕಪ್ಪು ಉಣ್ಣೆ. ಆಮೇಲೆ ಹೆಜ್ಜೆ ಗುರುತು. ಇಲ್ಲಿ ನಾವು ಓದಿದ್ದು ಕೈ ಹಿಡಿಯಿತು. ಕರಡಿಯ ಹಿಂಗಾಲಿನ ಗುರುತು ಮನುಷ್ಯನ ಪಾದದ ಹಾಗೇ ಕಾಣುತ್ತದೆ. ಮುಂಗಾಲು ಊರಿದ ಗುರುತಿನ ಮೇಲೆ ಸ್ವಲ್ಪ ಸರಿದು ಹಿಂಗಾಲು ಬಿದ್ದರೆ ಎರಡೂ ಸೇರಿ ಒಂದೇ ಉದ್ದ ಪಾದ ಆಗುತ್ತದೆ. ಹಿಮಾಲಯದ ಎಷ್ಟೋ ಹೆಜ್ಜೆಗಳಿಗೆ ತಿಳಿದವರು ಕೊಡುವ ವಿವರಣೆ ಇದೇ. ನಮ್ಮ ಅಜ್ಜಿ ಮೊಮ್ಮಕ್ಕಳೂ ಆ ಗುರುತು ಹಿಡಿದು ಹೋಗಿ ಕರಡಿ ಗವಿ ಮುಂದೆ ನಿಲ್ಲುತ್ತಾರೆ. ಕರಡಿ ಆಕಳಿಸುತ್ತಾ ಹೊರಗೆ ಬರುತ್ತದೆ. ಮೂವರೂ ಉಸಿರು ಬಿಗಿಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಅಷ್ಟೇ ಕಣ್ರೋ, ಎಲ್ಲ ಸುಳ್ಳು ಅಂತ ಅಣ್ಣ ಸೋತು ಕೂರುತ್ತಾನೆ. ಆಗ ದೂರದಲ್ಲಿ ಕಲ್ಲಿಗೆ ಕಲ್ಲು ಉಜ್ಜುವ ಸದ್ದು.

ಕೆಲಸದ ಲೆಕ್ಕ ಸರಳ. ಗೊಂಬೆ ನಿಲ್ಲಿಸು, ಫೋಟೊ ತೆಗೆ. ಕೂದಲೆಳೆಯಷ್ಟು ಸರಿಸು, ಇನ್ನೊಂದು ತೆಗೆ. ದೊಡ್ಡ ಸ್ಟುಡಿಯೊಗಳು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಹೋಗುತ್ತವೆ. ನಾವು 12 ಇಟ್ಟುಕೊಂಡೆವು. ಅಷ್ಟಕ್ಕೇ ಒಂದು ನಿಮಿಷಕ್ಕೆ 720 ಫೋಟೊ. ಫೋನಿನಲ್ಲಿ ಇದಕ್ಕೆಂದೇ ಆ್ಯಪ್‌ಗಳಿವೆ. ಹಿಂದಿನ ಫೋಟೊ ತೆಳ್ಳಗೆ ಮೇಲೆ ಕಾಣುತ್ತಾ ಇರುತ್ತದೆ, ಗೊಂಬೆ ಎಷ್ಟು ಸರಿದಿದೆ ಅಂತ ಕಣ್ಣಿಗೇ ತಿಳಿಯುತ್ತದೆ. ಈ ಸೌಲಭ್ಯ ಇಲ್ಲದ ಆ್ಯಪ್ ತಗೋಬೇಡಿ.

ಗೊಂಬೆಯ ಎಲುಬು ತಂತಿ. ಕಟ್ಟಡದ ಕೆಲಸಕ್ಕೆ ಬಳಸುವ ಬೈಂಡಿಂಗ್ ವೈರ್ ಬೇಡ, ಅದು ಬಗ್ಗಿಸಿದ ಕಡೆ ನಿಲ್ಲದೆ ಸ್ವಲ್ಪ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ತಂತಿ ಹೇಳಿದ ಹಾಗೆ ಕೇಳುತ್ತದೆ. ನಮ್ಮೂರಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗಳಿಗೆ ಬರವಿಲ್ಲ. ಅಲ್ಲಿಂದಲೇ ತಂದೆ. ನಾಲ್ಕೆಳೆ ಸೇರಿಸಿ, ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಹೊಸೆದ ತಂತಿ ತಯಾರು. ತೊಡೆ, ತೋಳು, ಎದೆಯ ಭಾಗಕ್ಕೆ ಎಂಸೀಲ್ ಮೆತ್ತಿ ಗಟ್ಟಿ ಮಾಡಿದೆವು. ಮೊಣಕೈ, ಮಂಡಿ, ಭುಜ ಮಾತ್ರ ಬರೀ ತಂತಿ. ಆಗ ಬಗ್ಗಬೇಕಾದ ಕಡೆ ಮಾತ್ರ ಬಗ್ಗುತ್ತದೆ. ಪಾದದೊಳಗೆ ಒಂದು ನಟ್ ಕೂರಿಸಿ, ಪ್ಲೈವುಡ್ ನೆಲದ ತೂತಿನಿಂದ ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿದರೆ ಒಂಟಿ ಕಾಲಲ್ಲೂ ಗೊಂಬೆ ನಿಲ್ಲುತ್ತದೆ. ಒಂಟಿ ಕಾಲಲ್ಲಿ ನಿಲ್ಲದ ಗೊಂಬೆ ನಡೆಯುವುದಿಲ್ಲ.

ಮೈಗೆ ಚಳ್ಳಕೆರೆ ಕಡೆಯ ಕರಿ ಕುರಿಯ ಉಣ್ಣೆ. ಕಂಬಳಿ ನೇಯುವವರ ಹತ್ತಿರ ಕೇಳಿ ತಂದದ್ದು. ಅಂಗಡಿಯಲ್ಲಿ ಸಿಗುವ ಹೊಳೆಯುವ ಫರ್ ಬಟ್ಟೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಬಿಸಿಲು, ಧೂಳು ಕಂಡ ಉಣ್ಣೆ ಇದು. ಬಂಡೆಯ ಪಕ್ಕ ಇಟ್ಟರೆ ಬಂಡೆಯದೇ ಅನ್ನಿಸುತ್ತದೆ.

ಆದರೆ ಉಣ್ಣೆಗೆ ಒಂದು ಗುಣ ಇದೆ. ಪ್ರತಿ ಸಲ ಗೊಂಬೆ ಮುಟ್ಟಿದಾಗಲೂ ಬೆರಳು ತಾಗಿ ಕೂದಲು ಅತ್ತಿತ್ತ ಆಗುತ್ತದೆ. ಫೋಟೊಗಳನ್ನು ಓಡಿಸಿದರೆ ಮೈಯೆಲ್ಲ ಪರಪರ ಅನ್ನುತ್ತದೆ. 1933ರ ಕಿಂಗ್ ಕಾಂಗ್ ಸಿನಿಮಾದಲ್ಲಿ ವಿಲ್ಲಿಸ್ ಓ'ಬ್ರಿಯನ್ ಅವರ ದೊಡ್ಡ ವಾನರನ ಮೈಮೇಲೆ ಕೂದಲು ಅಲುಗುವುದು ಇದೇ ಕಾರಣಕ್ಕೆ. ಅನಿಮೇಟರ್ ಕೈಯಿಟ್ಟ ಗುರುತು ಅದು. ನಾವು ಫೆವಿಕಾಲನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಹಳೇ ಟೂತ್‌ಬ್ರಷ್‌ನಿಂದ ಉಣ್ಣೆಗೆ ಒಂದೇ ದಿಕ್ಕಿಗೆ ಸವರಿ ಒಣಗಿಸಿದೆವು. ಹಿಡಿಯುವುದಕ್ಕೆ ಬೆನ್ನ ಹಿಂದೆ, ಕ್ಯಾಮೆರಾಗೆ ಕಾಣದ ಕಡೆ ಎರಡು ಜಾಗ ಗೊತ್ತು ಮಾಡಿಕೊಂಡೆವು. ಉಳಿದ ಕಡೆ ಐಸ್‌ಕ್ರೀಮ್ ಕಡ್ಡಿಯಿಂದ ಮಾತ್ರ ಮುಟ್ಟುವುದು. ಪೂರ್ತಿ ನಿಲ್ಲಲಿಲ್ಲ, ಸ್ವಲ್ಪ ಅಲುಗಾಟ ಉಳಿಯಿತು. ನಮ್ಮ ಗುಡ್ಡದ ಮೇಲೆ ಗಾಳಿ ಯಾವತ್ತೂ ಇರುತ್ತೆ ಅಲ್ವಾ, ಹಾಗಾಗಿ ಅದೂ ಹೊಂದಿಕೊಂಡಿತು.

ಬಂಡೆಗಳಿಗೆ ಥರ್ಮಾಕೋಲ್. ಚಾಕುವಿನಿಂದ ಕುಯ್ದರೆ ಸೋಪಿನ ಹಾಗೆ ನುಣ್ಣಗಾಗುತ್ತದೆ, ಅದಕ್ಕೇ ಕೈಯಲ್ಲಿ ಮುರಿದೆವು. ಮೇಲೆ ಹಳೇ ಪೇಪರ್ ಚೂರು, ಮೈದಾ ಅಂಟು. ಪುಸ್ತಕ ಬೈಂಡ್ ಮಾಡುವವರು ಅಂಟಿಗೆ ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ನಾನೂ ಹಾಕಿದೆ. ಅದು ವಿಷ, ಆ ಅಂಟು ಕಲಸುವ ಕೆಲಸ ದೊಡ್ಡವರದ್ದೇ ಆಗಿರಬೇಕು. ಒಣಗಿದ ಮೇಲೆ ಬೂದು ಡಿಸ್ಟೆಂಪರ್, ಅದು ಹಸಿ ಇರುವಾಗಲೇ ಜರಡಿ ಹಿಡಿದ ಮಣ್ಣು ಉದುರಿಸುವುದು. ನಿಜವಾದ ಮಣ್ಣಿನ ಬಣ್ಣವನ್ನು ಯಾವ ಡಬ್ಬಿಯ ಬಣ್ಣವೂ ಕೊಡುವುದಿಲ್ಲ. ಹತ್ತಿರಕ್ಕೆ ದೊಡ್ಡ ಬಂಡೆ, ಹಿಂದೆ ಹೋದ ಹಾಗೆ ಚಿಕ್ಕವು. ಊಟದ ಟೇಬಲ್ಲಿನಷ್ಟು ಜಾಗದಲ್ಲಿ ಮೈಲಿಗಟ್ಟಲೆ ಗುಡ್ಡ ಕಂಡಿತು.

ದೂರದ ಗುಡ್ಡದ ಸಾಲಿಗೆ ಗಾಳಿಯಂತ್ರ ಬೇಕೇ ಬೇಕು ಅಂತ ಮಗ ಹಟ ಮಾಡಿದ. ಸರಿ, ಅವಿಲ್ಲದೆ ಇವತ್ತಿನ ದುರ್ಗದ ಗುಡ್ಡ ಎಲ್ಲಿದೆ? ರಟ್ಟು, ಪೊರಕೆ ಕಡ್ಡಿ, ಗುಂಡುಪಿನ್ನು. ತಿರುಗಿಸುವ ಲೆಕ್ಕ ಅವನೇ ಹಾಕಿದ. ಪ್ರತಿ ಫೋಟೊಗೆ ಏಳೂವರೆ ಡಿಗ್ರಿ. 48 ಫೋಟೊಗೆ ಒಂದು ಸುತ್ತು, ಅಂದರೆ ನಾಲ್ಕು ಸೆಕೆಂಡು. ಮೂರು ರೆಕ್ಕೆ ಇರುವುದರಿಂದ ಒಂದೇ ಸಲ ಜಾಸ್ತಿ ತಿರುಗಿಸಿದರೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಸ್ಕೂಲಿನಲ್ಲಿ ಕೋನಮಾಪಕ ಮುಟ್ಟದ ಹುಡುಗ ಅದನ್ನು ಕಿಸೆಯಲ್ಲೇ ಇಟ್ಟುಕೊಂಡು ಓಡಾಡಿದ. ನನಗೆ ಅದೇ ದೊಡ್ಡ ಸಂತೋಷ.

ಈಗ ನಡಿಗೆ. ನಾನು ಹೇಳಲೇಬೇಕಾದ ವಿಷಯ ಇದು. ಎಷ್ಟೇ ಚೆನ್ನಾಗಿ ಗೊಂಬೆ ಮಾಡಿ, ಭಾರ ಇಲ್ಲದಿದ್ದರೆ ಅದು ಬರೀ ಉಣ್ಣೆ ಉಂಡೆ. ಗುಡ್ಡಣ್ಣನನ್ನು ಮೊದಲು ನಡೆಸಿ ನೋಡಿದಾಗ ಮೊಮ್ಮಕ್ಕಳ ಗೊಂಬೆಗಳ ಲೆಕ್ಕದಲ್ಲೇ ನಡೆಸಿದ್ದೆವು. ಒಂದು ಹೆಜ್ಜೆಗೆ ಆರು ಫೋಟೊ, ಅರ್ಧ ಸೆಕೆಂಡು. ಅತ್ತೆ ನೋಡಿ ತಲೆ ಅಲ್ಲಾಡಿಸಿದರು. "ಇದು ಬಂಡೆ ಎತ್ತೋ ನಡಿಗೆ ಅಲ್ಲ ಕಣಮ್ಮ. ಭಾರ ಹೊತ್ತು ಗೊತ್ತಿರೋರು ಹಿಂಗೆ ಕಾಲು ಹಾಕಲ್ಲ. ಹಮಾಲರನ್ನ ನೋಡಿದೀಯ?"

ಹೋಗಿ ನೋಡಿದೆವು. ನಮ್ಮ ಮನೆಯವರಿಗೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಕೆಲಸ ಇತ್ತು. ನಾನೂ ಮಗನೂ ಜೊತೆಗೆ ಹೊರಟೆವು. ಹಮಾಲರನ್ನು ಕೇಳಿ, ಅವರು ಒಪ್ಪಿದ ಮೇಲೆ, ಕಾಲು ಮಾತ್ರ ವಿಡಿಯೊ ಮಾಡಿಕೊಂಡೆವು. ಬೆನ್ನ ಮೇಲೆ ಮೂಟೆ ಬಿದ್ದ ಕೂಡಲೇ ಮನುಷ್ಯನ ನಡಿಗೆಯೇ ಬೇರೆ ಆಗುತ್ತದೆ. ಕಾಲು ಮೇಲಕ್ಕೆ ಏಳುವುದಿಲ್ಲ, ಸ್ವಲ್ಪ ಮುಂದೆ ಜಾರುತ್ತದೆ. ಪಾದ ಊರಿದ ಮೇಲೆ ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಮಂಡಿ ಚೂರು ಕುಸಿಯುತ್ತದೆ. ಆಮೇಲೆ ಸೊಂಟ. ಭುಜ ಕೊನೆಗೆ ಬರುತ್ತದೆ. ಭಾರ ಕಾಲಿನಿಂದ ಕಾಲಿಗೆ ಪೂರ್ತಿ ದಾಟಿದ ಮೇಲೇ ಹಿಂದಿನ ಕಾಲು ನೆಲ ಬಿಡುತ್ತದೆ. ಒಬ್ಬ ಹಿರಿಯರು ಬೆವರು ಒರೆಸಿಕೊಳ್ಳುತ್ತಾ ಮಗನಿಗೆ ಹೇಳಿದರು, "ಹೆಜ್ಜೆ ಅವಸರ ಮಾಡಿದ್ರೆ ಸೊಂಟ ಹೋಗ್ತೈತಿ ತಮ್ಮಾ."

ಮನೆಗೆ ಬಂದು ಆ ವಿಡಿಯೊವನ್ನು ನಿಧಾನ ಮಾಡಿ, ನಿಲ್ಲಿಸಿ ನಿಲ್ಲಿಸಿ, ಕಾಗದದ ಮೇಲೆ ಬರೆದುಕೊಂಡೆವು. ಗುಡ್ಡಣ್ಣನ ಒಂದು ಹೆಜ್ಜೆಗೆ 18 ಫೋಟೊ ಆಯಿತು, ಒಂದೂವರೆ ಸೆಕೆಂಡು. ಪಾದ ನೆಲ ಮುಟ್ಟಿದ ಮೇಲೆ ಎರಡು ಫೋಟೊ ಏನೂ ಅಲುಗಿಸಬಾರದು. ಮೂರನೆಯದರಲ್ಲಿ ಮಂಡಿ. ಐದರಲ್ಲಿ ಸೊಂಟ. ಏಳರಲ್ಲಿ ಭುಜ, ಅದರ ಮೇಲಿನ ಉಣ್ಣೆ ಇನ್ನೊಂದು ಫೋಟೊ ತಡವಾಗಿ. ತಲೆ ಕಟ್ಟಕಡೆಗೆ. ಪಾದದ ಪಕ್ಕ ಎರಡು ಕಾಳು ಮರಳು ಸರಿಸಿದೆವು. ಬಂಡೆಯ ತುದಿಯಿಂದ ಒಂದು ಸಣ್ಣ ಕಲ್ಲು ಉರುಳಿತು. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಮೇಲೆ ನೋಡುವ ಹಾಗೆ ಇಟ್ಟೆವು. ಹದಿಮೂರು ಇಂಚಿನ ಗೊಂಬೆ ಅದು. ಓಡಿಸಿ ನೋಡಿದಾಗ ಮಗಳು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿದಳು.

ಬೆಳಕಿನ ವಿಷಯಕ್ಕೆ ಬಂದರೆ, ಕಿಟಕಿ ಬೆಳಕನ್ನು ನಂಬಲೇಬಾರದು. ಮೋಡ ಒಂದು ಸಲ ಹೋಗಿ ಬಂದರೆ ಇಡೀ ದೃಶ್ಯ ಮಿಣಮಿಣ ಅನ್ನುತ್ತದೆ. ಕಿಟಕಿಗೆ ಕಂಬಳಿ ಕಟ್ಟಿ ರಾತ್ರಿ ಕೆಲಸ ಮಾಡಿದೆವು. ವೋಲ್ಟೇಜ್ ಏರಿಳಿತಕ್ಕೆ ಮನೆಯ ಬಲ್ಬುಗಳೂ ಆಡುತ್ತವೆ, ಅದಕ್ಕೇ ಪವರ್ ಬ್ಯಾಂಕಿನಿಂದ ಉರಿಯುವ ಎರಡು ಸಣ್ಣ ಎಲ್‌ಇಡಿ ದೀಪ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಎಲ್ಲವನ್ನೂ ಕೈಯಿಂದಲೇ ಗೊತ್ತು ಮಾಡಿ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಬಿಳಿ ಬಣ್ಣದ ಅಳತೆ (ವೈಟ್ ಬ್ಯಾಲೆನ್ಸ್) ಒಂದೇ, ಫೋಕಸ್ ಒಂದೇ. ಮನೆಯ ಕರೆಂಟಿನ ದೀಪವನ್ನೇ ಬಳಸುವುದಾದರೆ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ ಐವತ್ತನೇ ಒಂದು ಅಥವಾ ಇಪ್ಪತ್ತೈದನೇ ಒಂದು ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಹೀಗಿಟ್ಟರೆ ದೀಪದ ಮಿಡಿತ ಫೋಟೊಗೆ ಬರುವುದಿಲ್ಲ. ಫೋನ್ ಮುಟ್ಟಿ ಫೋಟೊ ತೆಗೆಯಬೇಡಿ, ಬ್ಲೂಟೂತ್ ಬಟನ್ ತಗೊಳ್ಳಿ. ಗೊಂಬೆ ಆಡಿಸುವವರು ಕಪ್ಪು ಬಟ್ಟೆ ಹಾಕಿಕೊಳ್ಳಿ. ಬಿಳಿ ಅಂಗಿಯ ಬೆಳಕು ಬಂಡೆ ಮೇಲೆ ಬೀಳುತ್ತದೆ.

ಹಿಡಿಂಬ ಭೀಮರ ಹಳೇ ಕಥೆ ಬರುವ ಅರ್ಧ ನಿಮಿಷಕ್ಕೆ ಬೇರೆ ದಾರಿ ಹಿಡಿದೆವು. ನಮ್ಮ ಸೀಮೆಯ ತೊಗಲುಗೊಂಬೆಯ ರೀತಿ. ಮೇಕೆ ಚರ್ಮದ ಬದಲು ಬಟರ್ ಪೇಪರ್, ಕೀಲುಗಳಿಗೆ ದಾರ, ಹಿಂದೆ ದೀಪ, ಮುಂದೆ ನಮ್ಮ ಮಾವನವರ ಬಿಳಿ ಪಂಚೆ. ಕಥೆ ಹೇಳುವ ದನಿ ಅತ್ತೆಯದು. ಇಡೀ ಚಿತ್ರದಲ್ಲಿ ನನಗೆ ಅತಿ ಇಷ್ಟದ ಭಾಗ ಅದು.

ಮಾತುಗಳನ್ನು ಎಲ್ಲಕ್ಕಿಂತ ಮೊದಲು ರೆಕಾರ್ಡ್ ಮಾಡಬೇಕು, ಗೊಂಬೆಯ ಬಾಯಿ ಅದಕ್ಕೆ ಹೊಂದಿಕೊಳ್ಳಬೇಕು. ರಜಾಯಿ ಒಳಗೆ ಕೂತು ಮಾತಾಡಿದರೆ ಕೋಣೆಯ ಪ್ರತಿಧ್ವನಿ ಬರುವುದಿಲ್ಲ. ಗುಡ್ಡಣ್ಣನಿಗೆ ಮಾತಿಲ್ಲ, ಉಸಿರು ಮಾತ್ರ. ಖಾಲಿ ತಾಮ್ರದ ಬಿಂದಿಗೆಗೆ ಬಾಯಿಟ್ಟು ನಮ್ಮ ಮನೆಯವರು ಹೂಂಕರಿಸಿದರು, ಅದನ್ನು ಅರ್ಧ ವೇಗಕ್ಕೆ ಇಳಿಸಿದೆವು. ಕಲ್ಲು ಉಜ್ಜುವ ಸದ್ದು ರುಬ್ಬುಗುಂಡಿನದು.

ಸಿಕ್ಕ ಮೇಲೆ ಏನು? ಈ ಪ್ರಶ್ನೆಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಗಳಿಗೆ ಅವನನ್ನು ಮನೆಗೆ ಕರೆತರುವ ಆಸೆ. ಮಗ ವಿಡಿಯೊ ಮಾಡಿ ಊರಿಗೆಲ್ಲ ತೋರಿಸೋಣ ಅಂದ. ಅತ್ತೆ ಕೇಳಿದರು, "ಅವನು ಅಲ್ಲಿ ಏನ್ ಮಾಡ್ತಾ ಅವ್ನೆ, ಅದನ್ನ ನೋಡಿದ್ರಾ?" ಅವನು ಬಂಡೆ ಸರಿಸುತ್ತಿದ್ದಾನೆ. ಊರಿಗೆ ನೀರು ಇಳಿಸುತ್ತಿದ್ದಾನೆ. ಅಂಥವನು ಸಿಕ್ಕರೆ ಮಾಡಬೇಕಾದ್ದು ಒಂದೇ, ಪಕ್ಕದಲ್ಲಿ ನಿಂತು ಕೈ ಕೊಡುವುದು. ಕೊನೆಯ ದೃಶ್ಯದಲ್ಲಿ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೆ. ನಾಲ್ವರೂ ಬಂಡೆಗೆ ಹೆಗಲು ಕೊಡುತ್ತಾರೆ. ಬಂಡೆ ಅಲುಗುತ್ತದೆ. ನೀರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೇರ್ ಜೆಲ್. ಒಂದೊಂದೇ ಫೋಟೊಗೆ ಕಡ್ಡಿಯಿಂದ ಎಳೆದರೆ ಹರಿಯುತ್ತದೆ.

ಆ ದೃಶ್ಯದಲ್ಲೇ ಗುಡ್ಡಣ್ಣನ ಬಲಭುಜದ ತಂತಿ ತುಂಡಾಯಿತು. ಅಲ್ಯೂಮಿನಿಯಂ ಮೆದು, ಒಂದೇ ಜಾಗದಲ್ಲಿ ಬಗ್ಗಿಸುತ್ತಾ ಹೋದರೆ ಒಂದು ದಿನ ಹೋಗಲೇಬೇಕು. ಉಣ್ಣೆ ಬಿಡಿಸಿ, ಹೊಸ ತಂತಿ ಹಾಕಿ, ಮತ್ತೆ ಅಂಟಿಸಿ ಮುಗಿಸಿದೆವು.

ನಮ್ಮ ಬೀದಿಯ ಮಕ್ಕಳಿಗೆಲ್ಲ ಅದೇ ಪಂಚೆಯ ಮೇಲೆ ಸಿನಿಮಾ ತೋರಿಸಿದೆವು, ಮಂಡಕ್ಕಿ ಮೆಣಸಿನಕಾಯಿ ಜೊತೆಗೆ. ಗುಡ್ಡಣ್ಣನಿಗೆ ತಂಗಿ ಇಲ್ವಾ ಅಂತ ಒಬ್ಬಳು ಕೇಳಿದಳು. ಮಗಳು ಆಗಲೇ ಅವಳ ಚಿತ್ರ ಬರೆದಿದ್ದಾಳೆ, ಅಣ್ಣನಿಗಿಂತ ಒಂದು ಇಂಚು ಎತ್ತರ. ತಂತಿ ಹೊಸೆದಿಟ್ಟಿದ್ದೇವೆ. ಈ ಸಲ ಭುಜಕ್ಕೆ ಆರೆಳೆ.